ಮೊಟ್ಟೆ ಟ್ರೇ ಬೇಡ, ಕಂಬಳಿ ಇರಲಿ: ಕಡಿಮೆ ಖರ್ಚಿನಲ್ಲಿ ಮನೆಯೊಳಗೊಂದು ಸ್ಟುಡಿಯೋ

ಮೊಳಕಾಲ್ಮೂರಿನಲ್ಲಿ ನಮ್ಮ ದೊಡ್ಡಮ್ಮನ ಸೋಬಾನೆ ಪದ ರೆಕಾರ್ಡ್ ಮಾಡಲು ಕೂತ ಹೊತ್ತಿಗೇ ಪಕ್ಕದ ಮನೆಯ ಮಗ್ಗ ಶುರುವಾಯ್ತು. ಗೋಡೆ ತುಂಬ ಮೊಟ್ಟೆ ಟ್ರೇ ಅಂಟಿಸಿದ್ದೆ, ಇನ್ನೇನು ಸದ್ದು ಬರಲ್ಲ ಅಂದುಕೊಂಡಿದ್ದೆ. ಕೇಳಿ ನೋಡಿದರೆ ಹಾಡಿಗಿಂತ ಲಾಳಿಯ ಟಕಟಕವೇ ಜಾಸ್ತಿ. ಇನ್ನೊಮ್ಮೆ ಹಾಡು ಅಂದರೆ, ಆಕೆಗೆ ಅರ್ಧ ಪದ ನೆನಪಿಗೇ ಬರಲಿಲ್ಲ.

ನಮ್ಮ ಸೀಮೆಯಲ್ಲಿ ಇದು ಸಣ್ಣ ನಷ್ಟವಲ್ಲ. ಚಳ್ಳಕೆರೆ ತಾಲೂಕಿನ ಯಲಗಟ್ಟೆ ಗೊಲ್ಲರಹಟ್ಟಿಯ ಸಿರಿಯಜ್ಜಿ ಅಕ್ಷರ ಕಲಿತವರಲ್ಲ, ಆದರೆ ಸಾವಿರಾರು ಹಾಡು ನೆನಪಿನಲ್ಲಿತ್ತು. ಕೃಷ್ಣಮೂರ್ತಿ ಹನೂರರಂಥವರು ಬೆನ್ನುಹತ್ತಿ ಸಂಗ್ರಹಿಸಿದ್ದಕ್ಕೆ ಅವು ಉಳಿದವು. ಉಳಿದ ಹಟ್ಟಿಗಳ ಅಜ್ಜಿಯರಿಗೆ ಮೊಮ್ಮಕ್ಕಳೇ ಗತಿ. ಹಾಗಾಗಿ ಚಳ್ಳಕೆರೆಯ ನಮ್ಮ ಮನೆಯ ಒಂದು ಕೋಣೆಯನ್ನು ಸರಿಮಾಡುವಾಗ ಕಲಿತದ್ದನ್ನು ಇಲ್ಲಿ ಹೇಳುತ್ತೇನೆ.

ಎರಡು ಕೆಲಸ, ಎರಡು ಮದ್ದು

ಹೊರಗಿನ ಸದ್ದು ತಡೆಯುವುದು ಒಂದು ಕೆಲಸ, ಕೋಣೆಯೊಳಗಿನ ಪ್ರತಿಧ್ವನಿ ಇಳಿಸುವುದು ಇನ್ನೊಂದು. ಮೊದಲನೆಯದಕ್ಕೆ ತೂಕ ಬೇಕು, ಸಂದಿ ಇರಬಾರದು. ಗೋಡೆಯ ತೂಕ ಎರಡರಷ್ಟಾದರೆ ಸದ್ದು ಸುಮಾರು 6 ಡೆಸಿಬಲ್ ಇಳಿಯುತ್ತೆ, ಅಷ್ಟೇ. ಹಗುರವಾದ ಮೊಟ್ಟೆ ಟ್ರೇ, ಥರ್ಮೋಕೋಲ್, ತೆಳು ಫೋಮ್ ಈ ಕೆಲಸಕ್ಕೆ ಬರಲ್ಲ. ಇಟ್ಟಿಗೆ ಗೋಡೆ ಆಗಲೇ ಸಾಕಷ್ಟು ತಡೆಯುತ್ತೆ. ಸೋರುವುದು ಬಾಗಿಲು, ಕಿಟಕಿಯಲ್ಲಿ. ಆದ್ದರಿಂದ ಮೊದಲ ದುಡ್ಡು ಅಲ್ಲಿಗೆ ಹೋಗಲಿ: ಟೊಳ್ಳು ಬಾಗಿಲಿದ್ದರೆ ಗಟ್ಟಿ ಮರದ್ದು, ಚೌಕಟ್ಟಿನ ಸುತ್ತ ರಬ್ಬರ್ ಪಟ್ಟಿ, ಹೊಸ್ತಿಲ ಸಂದಿಗೂ ಒಂದು. ಕಿಟಕಿಗೆ ಮೂರ್ನಾಲ್ಕು ಇಂಚು ಅಂತರ ಬಿಟ್ಟು ಒಳಗೊಂದು ದಪ್ಪ ಗಾಜು.

ಕಂಬಳಿಯ ಉಪಯೋಗ

ಎರಡನೆಯ ಕೆಲಸಕ್ಕೆ ಚಳ್ಳಕೆರೆಯಲ್ಲೇ ಸಾಮಾನಿದೆ. ಕುರಿ ಉಣ್ಣೆಯ ಕಂಬಳಿ ಪ್ರತಿಧ್ವನಿಯನ್ನು ಚೆನ್ನಾಗಿ ಹೀರುತ್ತೆ. ಗೋಡೆಗೆ ಒತ್ತಿ ಹೊಡೆಯಬೇಡಿ. ಎರಡು ಮೂರು ಪದರ ಮಡಿಸಿ, ಮೂರ್ನಾಲ್ಕು ಇಂಚು ಮುಂದಕ್ಕೆ ತೂಗುಬಿಡಿ. ಆ ಅಂತರದಿಂದ ಇನ್ನಷ್ಟು ತಗ್ಗಿದ ಸ್ವರಗಳೂ ಹಿಡಿತಕ್ಕೆ ಸಿಗುತ್ತವೆ. ಎಲ್ಲಿ ತೂಗುಹಾಕಬೇಕು ಅಂತ ತಿಳಿಯಲು ಕೋಣೆ ಮಧ್ಯೆ ನಿಂತು ಚಪ್ಪಾಳೆ ಹೊಡೆಯಿರಿ. ಎದುರುಬದುರು ಬರಿ ಗೋಡೆಗಳ ನಡುವೆ 'ಟರ್ರ್' ಅಂತ ಸದ್ದು ಓಡಾಡಿದರೆ ಅದೇ ಜಾಗ.

ಆದರೆ ಮಂದ್ರಕ್ಕೆ ಕಂಬಳಿ ಸಾಲದು. 10 ಅಡಿ ಅಗಲದ ಕೋಣೆ 56 ಹರ್ಟ್ಸ್ ಆಸುಪಾಸಿನಲ್ಲಿ ತಾನೇ ಗುಂಯ್ಗುಡುತ್ತೆ. ಉದ್ದ ಅಗಲ ಎರಡೂ ಒಂದೇ ಆದರೆ ಇನ್ನೂ ಕಷ್ಟ. ಮೂಲೆಗಳಿಗೆ 4 ಇಂಚು ದಪ್ಪದ ರಾಕ್‌ವೂಲ್ ಹಲಗೆಗಳನ್ನು ಮರದ ಚೌಕಟ್ಟಿಗೆ ಹಾಕಿ, ಎಳೆ ಹಾರದಂತೆ ಬಟ್ಟೆ ಸುತ್ತಿ ನಿಲ್ಲಿಸಿ. ಕತ್ತರಿಸುವಾಗ ಮಾಸ್ಕ್, ಗ್ಲೌಸ್ ಹಾಕಿಕೊಳ್ಳಿ.

ಯಂತ್ರ ಕಡಿಮೆ, ಹೊತ್ತು ಮುಖ್ಯ

ಸುತ್ತ ಸದ್ದಿರುವ ಮನೆಗೆ ಡೈನಮಿಕ್ ಮೈಕ್ ಒಳ್ಳೆಯದು. ಬಾಯಿಂದ ಒಂದು ಗೇಣಿಗಿಂತ ಹತ್ತಿರ ಹಿಡಿದರೆ ಹಾಡೇ ಮುಂದೆ ಕೇಳುತ್ತೆ. ಜತೆಗೊಂದು ಸಣ್ಣ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್ ಸಾಕು. ಉಚಿತವಾಗಿ ಸಿಗುವ ಅಡಾಸಿಟಿಯಲ್ಲಿ 24 ಬಿಟ್, 48 ಕಿಲೋಹರ್ಟ್ಸ್‌ಗೆ ಇಟ್ಟು, ಜೋರು ದನಿಯೂ ಮೈನಸ್ 12 ಡೆಸಿಬಲ್ ಸುತ್ತಮುತ್ತ ನಿಲ್ಲುವಂತೆ ನೋಡಿಕೊಳ್ಳಿ. ಕರೆಂಟಿನ ಗುಂಯ್ ಬಂದರೆ ಚಾರ್ಜರ್ ಕಿತ್ತು ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ನಡೆಸಿ.

ನಮ್ಮ ಬಿಸಿಲಿಗೆ ಮುಚ್ಚಿದ ಕೋಣೆಯಲ್ಲಿ ಫ್ಯಾನಿಲ್ಲದೆ ವಯಸ್ಸಾದವರನ್ನು ಕೂರಿಸಬಾರದು. ನಸುಕಿನಲ್ಲಿ, ಮಗ್ಗ ಕೂರುವ ಮುನ್ನ ಹಾಡಿಸಿ. ಎರಡು ಪದಕ್ಕೊಮ್ಮೆ ಬಾಗಿಲು ತೆಗೆದು ನೀರು ಕೊಡಿ. ಉರುಮೆಯನ್ನು ಈ ಕೋಣೆ ತಡೆಯಲ್ಲ, ಅದನ್ನು ಹಗಲಲ್ಲಿ ಬಯಲಲ್ಲೇ ಹಿಡಿಯಿರಿ.

ಮುಗಿದ ಮೇಲೆ ಮೂಲ ಕಡತವನ್ನು ಎರಡು ಕಡೆ ಉಳಿಸಿ. ಹಾಡಿದವರ ಹೆಸರು, ಊರು, ದಿನಾಂಕ ಬರೆದಿಡಿ. ಎಲ್ಲಾದರೂ ಹಾಕುವ ಮುನ್ನ ಅವರ ಒಪ್ಪಿಗೆ ಕೇಳಿ.

ದೊಡ್ಡಮ್ಮನನ್ನು ಚಳ್ಳಕೆರೆಗೆ ಕರೆತಂದು ಮತ್ತೆ ಹಾಡಿಸಿದೆ. ದನಿ ಈಗ ಸ್ಪಷ್ಟವಾಗಿದೆ. ಮರೆತ ಅರ್ಧ ಪದ ಮಾತ್ರ ಆ ಮೊದಲ ರೆಕಾರ್ಡಿಂಗಿನಲ್ಲೇ, ಲಾಳಿ ಸದ್ದಿನ ಅಡಿಯಲ್ಲಿದೆ. ಅದನ್ನೂ ಅಳಿಸಿಲ್ಲ.