ಕಣದ ಆಯವೂ ಸರಕಾರದ ಪಿಂಚಣಿಯೂ

ಭೀಮೆಯ ದಂಡೆಯ ಇಂಡಿ, ಸಿಂದಗಿಗಳಲ್ಲಿಯೂ ಡೋಣಿ ಕೃಷ್ಣೆಯರ ಸೀಮೆಯ ಬಾಗೇವಾಡಿ, ಮುದ್ದೇಬಿಹಾಳಗಳಲ್ಲಿಯೂ, ದುಡಿಯುವವನು ಇಂಥ ದಿನಕ್ಕೆ ದುಡಿಮೆಯನ್ನು ಬಿಡತಕ್ಕದ್ದೆಂಬ ಕಟ್ಟಳೆ ಸರಕಾರಿ ಚಾಕರಿಯೊಡನೆ ಬಂದುದೇ ಹೊರತು ಅದಕ್ಕೆ ಮುಂಚೆ ಇದ್ದುದಲ್ಲ. ಬಸವಣ್ಣನವರು ಹುಟ್ಟಿದ, ಮಡಿವಾಳ ಮಾಚಯ್ಯನ ದೇವರ ಹಿಪ್ಪರಗಿಯನ್ನು ಒಳಗೊಂಡ ಈ ನೆಲದಲ್ಲಿ ಕಾಯಕಕ್ಕೆ ವಯೋಮಿತಿಯನ್ನು ಯಾರೂ ಗೊತ್ತುಮಾಡಿರಲಿಲ್ಲ; ಮುಪ್ಪಡಸಿದಂತೆ ಕೆಲಸ ನಿಲ್ಲದೆ ಹಗುರಾಗುತ್ತಿದ್ದಿತು, ಅಷ್ಟೆ.

ಕಮ್ಮಾರಸಾಲೆಯನ್ನೇ ನೋಡಬಹುದು. ತಿದಿಯೊತ್ತುವ ಹುಡುಗನು ರಟ್ಟೆ ಬಲಿತ ಮೇಲೆ ಚಮ್ಮಟಿಗೆ ಹಿಡಿಯುವನು. ರಟ್ಟೆ ಸೋತ ಕಾಲಕ್ಕೆ ಅದನ್ನು ಮಗನ ಕೈಗಿತ್ತು, ತಾನು ಇಕ್ಕಳದಲ್ಲಿ ಕಬ್ಬಿಣವನ್ನು ಹೊರಳಿಸುತ್ತ, ಕುಂಟೆಯ ಕುಡಕ್ಕೆ ಪೆಟ್ಟು ಎಲ್ಲಿ ಬೀಳಬೇಕೆಂಬುದನ್ನು ಸಣ್ಣ ಸುತ್ತಿಗೆಯ ಸದ್ದಿನಿಂದಲೇ ತೋರಿಸುವನು. ಅದೂ ಆಗದಾದಾಗ ಮತ್ತೆ ತಿದಿಯ ಬಳಿಗೆ ಬರುವನು. ಸುಗ್ಗಿಯಲ್ಲಿ ಜೋಳದ ರಾಶಿಯಾದ ಮೇಲೆ ಕಣದಲ್ಲಿ ಅಳೆದುಕೊಡುತ್ತಿದ್ದ ಆಯವು ಆ ಮನೆಗೆ ಸಲ್ಲತಕ್ಕದ್ದಾಗಿದ್ದುದರಿಂದ, ಚಮ್ಮಟಿಗೆ ಯಾರ ಕೈಯಲ್ಲಿದ್ದರೂ ಮುದುಕನ ರೊಟ್ಟಿಗೆ ಕೊರತೆಯಾಗುತ್ತಿರಲಿಲ್ಲ. ಬರಗಾಲದಲ್ಲಿ ಕಣವೇ ಬರಿದಾದರೆ ಮಾತ್ರ ಆಯಗಾರನೂ ಒಕ್ಕಲಿಗನೊಡನೆ ಉಪವಾಸವಿರಬೇಕು.

ಊರಿನ ಅಧಿಕಾರವೂ ಹೀಗೆಯೇ ಮನೆತನಕ್ಕೆ ಅಂಟಿಕೊಂಡಿತ್ತು. ಮುಂಬಯಿ ಸರಕಾರದ 1874ರ ವತನ ಕಾಯಿದೆ ಗೌಡ, ಕುಲಕರ್ಣಿಗಳ ವಂಶಪರಂಪರೆಯ ಹಕ್ಕನ್ನು ಕ್ರಮಬದ್ಧಗೊಳಿಸಿತು. ವತನದ ಹೊಲವೇ ಅವರಿಗೆ ಸಂಬಳ, ಅದೇ ಮುಪ್ಪಿನ ಆಸರೆ. ಆದರೆ ತಳವಾರ, ವಾಲೀಕಾರರ ಪಾಲಿಗೆ ಇದೇ ವ್ಯವಸ್ಥೆ ಸಂಕೋಲೆಯೂ ಆಗಿದ್ದಿತು: ಕಾಲು ಸೋತ ತಂದೆಯ ಬದಲು ಮಗನು ಕೋಲು ಹಿಡಿಯಲೇಬೇಕು, ಅವನ ಮನಸ್ಸು ಬೇರೆಡೆಗಿದ್ದರೇನು! ಹಿಂದಿನದನ್ನು ಹೊಗಳುವವರು ಈ ಮಾತನ್ನು ಮರೆಯುವುದುಂಟು. 1961ರ ಗ್ರಾಮಹುದ್ದೆಗಳ ರದ್ದಿಯಾತಿ ಕಾಯಿದೆಯು 1963ರ ಫೆಬ್ರುವರಿ 1ರಂದು ಜಾರಿಗೆ ಬಂದು, ಅಂದಿನ ಮೈಸೂರು ರಾಜ್ಯದಲ್ಲೆಲ್ಲ ಈ ಹಕ್ಕನ್ನೂ ಈ ಹೊರೆಯನ್ನೂ ಏಕಕಾಲಕ್ಕೆ ಕೊನೆಗಾಣಿಸಿತು. ಅದು ನ್ಯಾಯವೇ ಸರಿ.

ನಿವೃತ್ತಿಯನ್ನು ಹಳ್ಳಿಯ ಜನ ಕಣ್ಣಾರೆ ಕಂಡುದು ಕನ್ನಡ ಶಾಲೆಯ ಮಾಸ್ತರರಲ್ಲಿ. ಇಂಡಿಗೆ ಸೇರಿದ್ದ ಚಡಚಣದ ಸಿಂಪಿ ಲಿಂಗಣ್ಣನವರು (1905–1993) ಪ್ರಾಥಮಿಕ ಶಾಲೆಯ ಶಿಕ್ಷಕರಾಗಿದ್ದವರು. ಚಾಕರಿ ಮುಗಿದು ಎಷ್ಟೋ ವರ್ಷಗಳಾದ ಮೇಲೆ, ತಮ್ಮ ಬಾಳಿನ ಕೊನೆಯ ವರ್ಷದಲ್ಲಿ, ಕೊಪ್ಪಳದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದರು. ಪಿಂಚಣಿಯುಳ್ಳವನಿಗೆ ಮುಪ್ಪು ಬಿಡುವಾಗಿ ಒದಗಬಲ್ಲುದು. ಆಯವನ್ನು ಕಳೆದುಕೊಂಡ ಕಮ್ಮಾರನಿಗೂ, ಮಕ್ಕಳನ್ನು ದುಡಿಯಲು ಮಹಾರಾಷ್ಟ್ರಕ್ಕೋ ಗೋವೆಗೋ ಕಳುಹಿ ಮೊಮ್ಮಕ್ಕಳನ್ನು ಸಾಕುತ್ತಿರುವ ಕೂಲಿಯ ಮುದುಕಿಗೂ ಆ ಭಾಗ್ಯವೆಲ್ಲಿ? ಅಂಥವರಿಗಾಗಿ 1995ರಲ್ಲಿ ಕೇಂದ್ರದ ವೃದ್ಧಾಪ್ಯ ವೇತನವು ತಿಂಗಳಿಗೆ 75 ರೂಪಾಯಿಯಿಂದ ಮೊದಲಾಯಿತು. 2007ರಲ್ಲಿ ರಾಜ್ಯವು ಸಣ್ಣ ರೈತರು, ಕೃಷಿ ಕೂಲಿಕಾರರು, ನೇಕಾರರು ಮೊದಲಾದವರಿಗೆ ಸಂಧ್ಯಾ ಸುರಕ್ಷಾ ಯೋಜನೆಯಡಿ 400 ರೂಪಾಯಿ ಕೊಡತೊಡಗಿತು. ಮರುವರ್ಷ ಸರಕಾರಿ ನೌಕರರ ನಿವೃತ್ತಿಯ ವಯಸ್ಸು 58ರಿಂದ 60ಕ್ಕೆ ಏರಿತು. ಸಂಧ್ಯಾ ಸುರಕ್ಷೆಗೆ ಮಾತ್ರ 65 ತುಂಬಿರಬೇಕು. ಕುರ್ಚಿಯ ಮೇಲೆ ಕುಳಿತು ದುಡಿದವನಿಗಿಂತ ಎರೆಹೊಲದಲ್ಲಿ ಬಾಗಿ ದುಡಿದವಳು ಐದು ವರ್ಷ ಹೆಚ್ಚು ಕಾಯಬೇಕೆಂಬ ಈ ಲೆಕ್ಕ ನ್ಯಾಯವಾದುದಲ್ಲ.