ಕುದಿಯುವ ಕಲ್ಲಿನೊಳಗೆ ವಿದ್ಯುತ್ ಹೊರುವವರು ಯಾರು?

1756ರಲ್ಲಿ ಸ್ವೀಡನ್ನಿನ ಖನಿಜತಜ್ಞ ಆಕ್ಸೆಲ್ ಕ್ರಾನ್‌ಸ್ಟೆಟ್ ಒಂದು ಖನಿಜವನ್ನು ಊದುಗೊಳವೆಯ ಜ್ವಾಲೆಗೆ ಹಿಡಿದಾಗ ಅದು ಕುದಿಯುವಂತೆ ನೊರೆಯೆದ್ದಿತು. ಕಲ್ಲಿನೊಳಗಿದ್ದ ನೀರು ಆವಿಯಾಗಿ ಹೊರಬರುತ್ತಿತ್ತು. ಗ್ರೀಕ್ ಭಾಷೆಯ 'ಕುದಿ' ಮತ್ತು 'ಕಲ್ಲು' ಎಂಬ ಪದಗಳನ್ನು ಜೋಡಿಸಿ ಆತ ಅದಕ್ಕೆ 'ಜಿಯೊಲೈಟ್' ಎಂದು ಹೆಸರಿಟ್ಟ.

ಈ ಕಲ್ಲಿನ ಇನ್ನೊಂದು ಗುಣ ತಿಳಿದದ್ದು ಹೊಲದ ಮಣ್ಣಿನ ಮೂಲಕ. 1850ರಲ್ಲಿ ಇಂಗ್ಲೆಂಡಿನ ಥಾಂಪ್ಸನ್ ಮತ್ತು ವೇ ತಮ್ಮ ಪ್ರಯೋಗಗಳನ್ನು ಪ್ರಕಟಿಸಿದರು. ಅಮೋನಿಯಂ ಲವಣದ ದ್ರಾವಣವನ್ನು ಮಣ್ಣಿನ ಮೂಲಕ ಹಾಯಿಸಿದರೆ ಅಮೋನಿಯಂ ಮಣ್ಣಿನಲ್ಲೇ ಉಳಿದು, ಅದರ ಬದಲಿಗೆ ಕ್ಯಾಲ್ಸಿಯಂ ಹೊರಬರುತ್ತಿತ್ತು. ಜಿಯೊಲೈಟ್‌ಗಳಲ್ಲೂ ಇಂಥ ವಿನಿಮಯ ನಡೆಯುತ್ತದೆ, ಅದನ್ನು ಹಿಂದಿರುಗಿಸಲೂಬಹುದು ಎಂದು 1858ರಲ್ಲಿ ಐಕ್‌ಹಾರ್ನ್ ತೋರಿಸಿದ. ಆದರೆ ಘನವಸ್ತುವಿನೊಳಗೆ ಇದು ಹೇಗೆ ಸಾಧ್ಯ? ದ್ರಾವಣದಲ್ಲಿ ಅಯಾನುಗಳು ಬಿಡಿಬಿಡಿಯಾಗಿ ಇರುತ್ತವೆಂಬ ಅರೇನಿಯಸ್‌ನ ಸಿದ್ಧಾಂತವೇ ಬಂದದ್ದು 1880ರ ದಶಕದಲ್ಲಿ.

ಉತ್ತರದ ಮೊದಲ ಭಾಗವನ್ನು ಕೊಟ್ಟದ್ದು ಎಕ್ಸ್-ಕಿರಣಗಳು. 1930ರಲ್ಲಿ ಟೇಲರ್ ಮತ್ತು ಪಾಲಿಂಗ್ ಕೆಲವು ಜಿಯೊಲೈಟ್‌ಗಳ ರಚನೆಯನ್ನು ಬಿಡಿಸಿಟ್ಟರು. ಸಿಲಿಕಾನ್, ಅಲ್ಯುಮಿನಿಯಂ ಮತ್ತು ಆಕ್ಸಿಜನ್ ಪರಮಾಣುಗಳಿಂದಾದ ಗಟ್ಟಿ ಚೌಕಟ್ಟು; ಅದರೊಳಗೆ ಗೂಡುಗಳು, ಓಣಿಗಳು. ಸಿಲಿಕಾನ್ ಇರಬೇಕಾದ ಕಡೆ ಅಲ್ಯುಮಿನಿಯಂ ಕುಳಿತರೆ ಚೌಕಟ್ಟಿನಲ್ಲಿ ಒಂದು ಋಣಾವೇಶ ಉಳಿಯುತ್ತದೆ. ಅದನ್ನು ಸರಿದೂಗಿಸಲು ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ಗೂಡುಗಳಲ್ಲಿ ನೆಲೆಸುತ್ತವೆ. ಇವು ಚೌಕಟ್ಟಿನ ಭಾಗವಲ್ಲ. ಬಾಡಿಗೆದಾರರಿದ್ದಂತೆ, ಜಾಗ ಬದಲಿಸಬಲ್ಲವು.

ಹಾಗಾದರೆ ವಿದ್ಯುತ್ ಕ್ಷೇತ್ರದಲ್ಲಿ ಇವು ಚಲಿಸಬೇಕಲ್ಲವೆ? ಪರೀಕ್ಷೆಗೆ ಶುದ್ಧ ಜಿಯೊಲೈಟ್ ಬೇಕಿತ್ತು. 1949ರಲ್ಲಿ ಅಮೆರಿಕದ ಯೂನಿಯನ್ ಕಾರ್ಬೈಡ್ ಸಂಸ್ಥೆಯ ರಾಬರ್ಟ್ ಮಿಲ್ಟನ್ 'ಎ' ಮಾದರಿಯ ಜಿಯೊಲೈಟನ್ನು ತಯಾರಿಸಿದ. ಇಂಥ ಸಂಶ್ಲೇಷಿತ ಜಿಯೊಲೈಟ್‌ಗಳ ವಿದ್ಯುದ್ವಾಹಕತೆಯನ್ನು ಅಳೆದ ಫ್ರೀಮನ್ ಮತ್ತು ಸ್ಟಾಮಿರಿಸ್ ಅವರ ಲೇಖನ 1961ರಲ್ಲಿ ಪ್ರಕಟವಾಯಿತು. ಚೌಕಟ್ಟು ಅದೇ ಇರಲಿ, ಒಳಗಿನ ಅಯಾನನ್ನು ಮಾತ್ರ ಬದಲಿಸಿ, ವಾಹಕತೆಯೂ ಬದಲಾಗುತ್ತದೆ. ಅಂದರೆ ಲೋಹದಲ್ಲಿ ಎಲೆಕ್ಟ್ರಾನುಗಳು ಮಾಡುವ ಕೆಲಸವನ್ನು ಇಲ್ಲಿ ಮಾಡುವುದು ಧನ ಅಯಾನುಗಳು.

ಅಯಾನು ಸರಾಗವಾಗಿ ಹರಿಯುವುದಿಲ್ಲ. ಒಂದು ನೆಲೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ಚೌಕಟ್ಟಿನ ಸೆಳೆತವನ್ನು ಮೀರಲು ಅದಕ್ಕೆ ಶಕ್ತಿ ಬೇಕು. ಆದ್ದರಿಂದಲೇ ಬಿಸಿ ಮಾಡಿದಾಗ ಲೋಹದ ವಾಹಕತೆ ತಗ್ಗಿದರೆ, ಒಣ ಜಿಯೊಲೈಟಿನದು ಏರುತ್ತದೆ. ನೀರಿನ ಅಣುಗಳು ಒಳಸೇರಿದರೆ ಅವು ಅಯಾನನ್ನು ಸುತ್ತುವರಿದು ಚೌಕಟ್ಟಿನ ಹಿಡಿತವನ್ನು ಸಡಿಲಿಸುತ್ತವೆ. ಆಗ ಚಲನೆ ಸುಲಭ. ಅಳೆಯಲು ಸಾಮಾನ್ಯವಾಗಿ ಪರ್ಯಾಯ ವಿದ್ಯುತ್ತನ್ನು ಬಳಸುತ್ತಾರೆ. ನೇರ ವಿದ್ಯುತ್ ಹಾಯಿಸಿದರೆ ಅಯಾನುಗಳು ಒಂದು ವಿದ್ಯುದ್ವಾರದ ಬಳಿ ಗುಂಪುಗೂಡಿ ಪ್ರವಾಹಕ್ಕೆ ಅಡ್ಡಿಯಾಗುತ್ತವೆ.

ಈ ಅಳತೆ ಅಯಾನು ಎಷ್ಟು ಬಿಗಿಯಾಗಿ ಕುಳಿತಿದೆ ಎಂಬುದನ್ನು ಹೇಳುತ್ತದೆ. ಜಿಯೊಲೈಟಿನ ಉಪಯೋಗವೆಲ್ಲ ನಿಂತಿರುವುದು ಬಹುಮಟ್ಟಿಗೆ ಅದರ ಮೇಲೆಯೇ. ಬಟ್ಟೆ ಒಗೆಯುವ ಪುಡಿಯಲ್ಲಿ ಅದು ಸೋಡಿಯಂ ಬಿಟ್ಟುಕೊಟ್ಟು ಗಡಸು ನೀರಿನ ಕ್ಯಾಲ್ಸಿಯಂ ಹಿಡಿಯುತ್ತದೆ. 2011ರ ಫುಕುಶಿಮಾ ಅಪಘಾತದ ನಂತರ ಕಲುಷಿತ ನೀರಿನಿಂದ ವಿಕಿರಣಶೀಲ ಸೀಸಿಯಂ ತೆಗೆಯಲೂ ಜಿಯೊಲೈಟ್ ಬಳಕೆಯಾಯಿತು. ಹೊಲದ ಮಣ್ಣಿನಲ್ಲಿ ವೇ ಕಂಡದ್ದೂ ಇದೇ ವಿನಿಮಯವನ್ನು.