ಸತೀ ಹಿತೈಷಿಣಿಯ ಒಡತಿ

ಪುಸ್ತಕ ಬರೆಯುವುದು ಒಂದು ಕೆಲಸ. ಅದನ್ನು ಅಚ್ಚು ಮಾಡಿಸಿ ಓದುಗರ ಕೈಸೇರಿಸುವುದು ಇನ್ನೊಂದು. ಕನ್ನಡದ ಹೆಣ್ಣುಮಕ್ಕಳಿಗೆ ಮೊದಲನೆಯದು ಹೊಸದಲ್ಲ. 12ನೆಯ ಶತಮಾನದಲ್ಲೇ ಶರಣೆಯರು ವಚನಗಳನ್ನು ರಚಿಸಿದರು. ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಅರಮನೆಯ ಊಳಿಗದಲ್ಲಿದ್ದ ಸಂಚಿಯ ಹೊನ್ನಮ್ಮ 'ಹದಿಬದೆಯ ಧರ್ಮ'ವನ್ನು ಬರೆದಳು. ಆದರೆ ಈ ಬರಹಗಳನ್ನು ಓಲೆಗರಿಯಿಂದ ಅಚ್ಚಿಗೆ ತಂದವರು ಬಹುಮಟ್ಟಿಗೆ ಗಂಡಸರು. ಯಾವುದು ಅಚ್ಚಾಗಬೇಕು, ಯಾವುದು ಬೇಡ ಎಂಬ ತೀರ್ಮಾನ ಹೆಣ್ಣಿನ ಕೈಗೆ ಬರಲು 20ನೆಯ ಶತಮಾನವೇ ಬೇಕಾಯಿತು.

ಕಡಲ ದಂಡೆಯ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನವರು 1841ರಲ್ಲಿ ಮುದ್ರಣಾಲಯ ತೆರೆದರು. 1843ರಲ್ಲಿ ಅಲ್ಲಿಂದ ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಬಂತು. ಅದಾಗಿ 70 ವರ್ಷಗಳ ನಂತರ, 1913ರಲ್ಲಿ, ಕಪಿಲೆಯ ದಡದ ನಂಜನಗೂಡಿನಲ್ಲಿ 'ಸತೀ ಹಿತೈಷಿಣಿ' ಎಂಬ ಗ್ರಂಥಮಾಲೆ ಆರಂಭವಾಯಿತು. ಅದರ ಒಡತಿ 26ರ ಹರೆಯದ ಬಾಲವಿಧವೆ, ತಿರುಮಲಾಂಬ.

1887ರಲ್ಲಿ ಹುಟ್ಟಿದ ತಿರುಮಲಾಂಬ ಅವರಿಗೆ 10ನೆಯ ವಯಸ್ಸಿಗೆ ಮದುವೆಯಾಯಿತು. 14 ತುಂಬುವ ವೇಳೆಗೆ ವೈಧವ್ಯ ಬಂತು. ಅಂದಿನ ಮಡಿವಂತ ಮನೆತನಗಳಲ್ಲಿ ಅಂಥ ಹುಡುಗಿಯ ಪಾಲಿಗೆ ಉಳಿಯುತ್ತಿದ್ದುದು ಅಡುಗೆಮನೆಯ ಮೂಲೆ ಮತ್ತು ವ್ರತ ಉಪವಾಸ. ಆದರೆ ತಂದೆ ಮಗಳ ಓದಿಗೆ ಒತ್ತಾಸೆಯಾಗಿ ನಿಂತರು. ಓದು ಬರವಣಿಗೆಯಾಯಿತು, ಬರವಣಿಗೆ ಪ್ರಕಾಶನವಾಯಿತು. 'ಸುಶೀಲೆ', 'ನಭಾ', 'ವಿದ್ಯುಲ್ಲತಾ', 'ವಿರಾಗಿಣಿ' ಮುಂತಾದ ಕೃತಿಗಳು ಬಂದವು. ಅದೇ ದಶಕದಲ್ಲಿ 'ಕರ್ನಾಟಕ ನಂದಿನಿ' ಎಂಬ ಮಹಿಳಾ ಮಾಸಪತ್ರಿಕೆಯನ್ನೂ ಅವರು ಹೊರತಂದರು.

ಆಗ ಮುದ್ರಣವೆಂದರೆ ಒಂದೊಂದೇ ಅಚ್ಚುಮೊಳೆ ಜೋಡಿಸುವ ಕೆಲಸ. ಕಾಗುಣಿತ, ಒತ್ತಕ್ಷರಗಳಿಗೆಲ್ಲ ಬೇರೆ ಬೇರೆ ಮೊಳೆಗಳು ಬೇಕು. ಕರಡು ತಿದ್ದಬೇಕು, ಕಾಗದ ಕೊಳ್ಳಬೇಕು, ರಟ್ಟು ಕಟ್ಟಿಸಬೇಕು, ಅಂಚೆಯಲ್ಲಿ ಕಳಿಸಬೇಕು, ಬಾಕಿ ವಸೂಲು ಮಾಡಬೇಕು. ನಾಲ್ಕು ಜನರ ಎದುರು ನಿಲ್ಲುವುದೇ ಕಷ್ಟವಾಗಿದ್ದ ವಿಧವೆಯೊಬ್ಬರು ಈ ವ್ಯವಹಾರಕ್ಕೆ ಕೈ ಹಾಕಿದ್ದು ಸಣ್ಣ ಸಂಗತಿಯಲ್ಲ.

ಹೊರಗಿನ ಪ್ರಪಂಚದಲ್ಲೂ ಇಂಥ ಪ್ರಯತ್ನಗಳು ನಡೆದಿದ್ದವು. ಎಮಿಲಿ ಫೇತ್‌ಫುಲ್ 1860ರಲ್ಲಿ ಲಂಡನ್ನಿನಲ್ಲಿ 'ವಿಕ್ಟೋರಿಯಾ ಪ್ರೆಸ್' ಆರಂಭಿಸಿ ಹೆಂಗಸರಿಗೆ ಮೊಳೆ ಜೋಡಿಸುವ ಕೆಲಸ ಕೊಟ್ಟರು. ಲೇಖಕಿ ವರ್ಜೀನಿಯಾ ವುಲ್ಫ್ ಪತಿಯೊಡನೆ ಸೇರಿ 1917ರಲ್ಲಿ 'ಹೋಗಾರ್ತ್ ಪ್ರೆಸ್' ತೆರೆದರು. ಸ್ವಂತ ಮುದ್ರಣಾಲಯ ಇದ್ದುದರಿಂದ ಪ್ರಕಾಶಕರ ಮರ್ಜಿ ಕಾಯದೆ ಬರೆಯುವುದು ಅವರಿಗೆ ಸಾಧ್ಯವಾಯಿತು. ಅದಕ್ಕಿಂತ ನಾಲ್ಕು ವರ್ಷ ಮೊದಲೇ ನಂಜನಗೂಡಿನಲ್ಲಿ ಪ್ರಕಾಶನ ಶುರುವಾಗಿತ್ತೆಂಬುದು ಗಮನಾರ್ಹ.

ತಿರುಮಲಾಂಬ ಕ್ರಾಂತಿಯ ಮಾತಾಡಿದವರಲ್ಲ. ಪಾತಿವ್ರತ್ಯ, ಸಹನೆ, ಸದ್ಗುಣಗಳೇ ಅವರ ನಾಯಕಿಯರ ಆಸ್ತಿ. ಗ್ರಂಥಮಾಲೆಯ ಹೆಸರೇ ಅದನ್ನು ಸಾರುತ್ತದೆ. ಇಂದಿನ ಓದುಗರಿಗೆ ಇದು ಹಳೆಯ ಕಾಲದ ಬೋಧನೆಯಾಗಿ ಕಾಣಬಹುದು. ಆದರೆ 'ಸತೀ ಹಿತೈಷಿಣಿ' ಎಂಬ ಹೆಸರಿನ ಪುಸ್ತಕವನ್ನು ಮನೆಯೊಳಗೆ ಬಿಟ್ಟುಕೊಳ್ಳಲು ಅಂದಿನ ಯಜಮಾನನಿಗೆ ಅಂಜಿಕೆಯಿರಲಿಲ್ಲ. ಪುಸ್ತಕದೊಳಗೆ ತಾಳ್ಮೆಯ ಪಾಠವಿತ್ತು, ನಿಜ. ಆದರೆ ಅದನ್ನು ಬರೆದು ಪ್ರಕಟಿಸಿದವಳೂ ಹೆಣ್ಣೇ ಎಂಬ ಸಂಗತಿ ಓದುವ ಹೆಣ್ಣಿಗೆ ಬೇರೊಂದು ಪಾಠ ಕಲಿಸಿರಬೇಕು.

ಈ ದಾರಿಯಲ್ಲಿ ಬೇರೆಯವರೂ ನಡೆದರು. ಬೆಂಗಳೂರಿನ ಆರ್. ಕಲ್ಯಾಣಮ್ಮ 1921ರಲ್ಲಿ ಆರಂಭಿಸಿದ 'ಸರಸ್ವತಿ' ಮಾಸಪತ್ರಿಕೆ ನಾಲ್ಕು ದಶಕ ಬಾಳಿತು. ತಿರುಮಲಾಂಬ ಮಾತ್ರ ಕ್ರಮೇಣ ಬರವಣಿಗೆಯಿಂದ ದೂರ ಸರಿದರು. ಸಾಹಿತ್ಯಲೋಕ ಅವರನ್ನು ಮರೆಯಿತು. 1982ರಲ್ಲಿ ಅವರು ಕಾಲವಾದರು. ಅವರ ಸಾಧನೆಯನ್ನು ಮತ್ತೆ ಬೆಳಕಿಗೆ ತರಲು ಶ್ರಮಿಸಿದವರಲ್ಲಿ ಸಿ.ಎನ್. ಮಂಗಳಾ ಪ್ರಮುಖರು. ಅವರು ಕಟ್ಟಿದ 'ಶಾಶ್ವತಿ' ಸಂಸ್ಥೆ ಲೇಖಕಿಯರಿಗಾಗಿ ತಿರುಮಲಾಂಬ ಹೆಸರಿನಲ್ಲಿ ಪ್ರಶಸ್ತಿಯನ್ನು ಸ್ಥಾಪಿಸಿತು.

ಮರೆತವರನ್ನು ನೆನಪಿಸಿದ್ದೂ ಮತ್ತೊಬ್ಬ ಲೇಖಕಿಯೇ. ಬರೆದದ್ದು ಉಳಿಯಬೇಕಾದರೆ ಬರೆದರಷ್ಟೇ ಸಾಲದು. ಅದನ್ನು ಅಚ್ಚಿಗೆ ತರುವವರು, ಜೋಪಾನ ಮಾಡುವವರು, ಮುಂದಿನವರಿಗೆ ದಾಟಿಸುವವರು ಬೇಕು. ತಿರುಮಲಾಂಬ ತಮ್ಮ ಕಾಲದಲ್ಲಿ ಮೊದಲನೆಯ ಕೆಲಸವನ್ನು ಮಾಡಿದರು. ಉಳಿದವು ಮುಂದಿನವರ ಪಾಲಿನವು.